ಅಟ್ಟದಿಂದ ಇಳಿದ ಎನ್‌ಲಾರ್ಜರ್‌ಗೆ ಯಾವ ಲೆನ್ಸ್, ಯಾವ ಮೌಂಟ್?

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಮನೆಯ ಅಟ್ಟವನ್ನು ಶುಚಿಗೊಳಿಸುವಾಗ ಅಜ್ಜ ಬಳಸುತ್ತಿದ್ದ ಎನ್‌ಲಾರ್ಜರ್, ಅಂದರೆ ನೆಗೆಟಿವನ್ನು ಹಿಗ್ಗಿಸಿ ಕಾಗದದ ಮೇಲೆ ಮುದ್ರಿಸುವ ಯಂತ್ರ, ಸಿಕ್ಕಿತು. 6×6 ಸೆಂ.ಮೀ. ನೆಗೆಟಿವ್‌ವರೆಗೆ ಹಿಡಿಯುವ ಕಂಡೆನ್ಸರ್ ಮಾದರಿ (ಬಲ್ಬಿನ ಬೆಳಕನ್ನು ದಪ್ಪ ಗಾಜಿನಿಂದ ನೆಗೆಟಿವ್ ಮೇಲೆ ಕೂಡಿಸುವಂಥದು). ಬಲ್ಬು ಉರಿಯುತ್ತದೆ, ಬೆಲ್ಲೋಸ್ (ಲೆನ್ಸನ್ನು ಮೇಲೆ ಕೆಳಗೆ ಸರಿಸುವ ಮಡಿಕೆಯ ಚೀಲ) ಹರಿದಿಲ್ಲ, ಆದರೆ ಲೆನ್ಸ್ ಇಲ್ಲ. ಲೆನ್ಸ್ ಕೂರಿಸುವ ತಟ್ಟೆಯ, ಅಂದರೆ ಲೆನ್ಸ್ ಬೋರ್ಡಿನ, ರಂಧ್ರವನ್ನು ಸ್ಕೇಲಿನಲ್ಲಿ ಅಳೆದಾಗ ಸುಮಾರು 38 ಮಿ.ಮೀ. ಬಂತು. ಅಜ್ಜನ ಆಗ್ಫಾ ಕ್ಲಿಕ್ 3 ಕ್ಯಾಮೆರಾದ ಇನ್ನೂರರಷ್ಟು 6×6 ನೆಗೆಟಿವ್‌ಗಳೂ ದೊಡ್ಡಪ್ಪನ 35 ಮಿ.ಮೀ. ಕ್ಯಾಮೆರಾದ ಕೆಲವು ರೋಲುಗಳೂ ಇವೆ. ಹೆಚ್ಚಿನವನ್ನು 8×10 ಇಂಚಿಗೂ ಐನ್‌ಮನೆಯ (ಕೊಡವ ಕುಲದ ಮೂಲಮನೆ) ಮುಂದೆ ತೆಗೆದ ಒಂದು ಗುಂಪುಚಿತ್ರವನ್ನು 12×16 ಇಂಚಿಗೂ ಮುದ್ರಿಸುವ ಆಸೆಯಿದೆ. ಹಳೆಯ ಕ್ಯಾಮೆರಾ ಸಾಮಾನು ಮಾರುವವರೊಬ್ಬರು ಎರಡು ಲೆನ್ಸ್ ತೋರಿಸಿದ್ದಾರೆ. ಒಂದು ಎಲ್-ನಿಕ್ಕೋರ್ 50 ಮಿ.ಮೀ. ಎಫ್ 2.8. ಅದರಲ್ಲಿ ಸ್ವಲ್ಪ ಬೂಷ್ಟು ಇದೆ, ಆದರೆ ಪ್ರಿಂಟಿನಲ್ಲಿ ಕಾಣುವುದಿಲ್ಲ, ಎರಡೂ ಬಗೆಯ ನೆಗೆಟಿವ್‌ಗೆ ಅದೊಂದೇ ಸಾಕು ಎನ್ನುತ್ತಾರೆ. ಇನ್ನೊಂದು ಕಾಂಪೊನಾರ್ 75 ಮಿ.ಮೀ. ಎಫ್ 4.5. ಇವುಗಳಲ್ಲಿ ಯಾವುದನ್ನು ಕೊಳ್ಳಲಿ? ದೊಡ್ಡಪ್ಪನ ಕ್ಯಾಮೆರಾದ ಲೆನ್ಸನ್ನೇ ಅಡಾಪ್ಟರ್ ಹಾಕಿ ಕೂರಿಸಬಹುದೇ? ಯಾವ ಮೌಂಟ್ (ಲೆನ್ಸ್ ಕೂರುವ ಜೋಡಣೆ) ಎಂದು ಹೇಗೆ ತಿಳಿಯುವುದು?

ಉತ್ತರ: ಹಣ ಕೊಡುವ ಮೊದಲೇ ಕೇಳಿದಿರಿ, ಅದರಿಂದ ಬಹಳ ಅನುಕೂಲವಾಯಿತು. ಎನ್‌ಲಾರ್ಜರ್ ಲೆನ್ಸ್ ಕೊಳ್ಳುವವರು ಸಾಮಾನ್ಯವಾಗಿ ಲೆನ್ಸಿನ ಹೆಸರಿನಿಂದ ಆರಂಭಿಸಿ, ಅದು ತಮ್ಮ ಯಂತ್ರಕ್ಕೆ ಕೂರುತ್ತದೆಯೇ ಎಂಬುದನ್ನು ಕೊನೆಗೆ ನೋಡುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗುಮುರುಗಾದದ್ದು. ಮೊದಲು ನಿಮ್ಮ ನೆಗೆಟಿವ್‌ನ ಅಳತೆ, ಆಮೇಲೆ ಬೆಲ್ಲೋಸ್ ಎಷ್ಟು ಮಡಚುತ್ತದೆ ಮತ್ತು ಎಷ್ಟು ಚಾಚುತ್ತದೆ ಎಂಬ ಲೆಕ್ಕ, ಅದರ ನಂತರ ಬೋರ್ಡಿನ ರಂಧ್ರ ಮತ್ತು ಥ್ರೆಡ್ (ತಿರುಪಿನ ಸುತ್ತುಗಳು), ಕಟ್ಟಕಡೆಗೆ ಲೆನ್ಸಿನ ಹೆಸರು. ಮೊದಲ ಮೂರು ಸರಿಯಾಗಿದ್ದರೆ ಸಾಧಾರಣ ಲೆನ್ಸೂ ಒಳ್ಳೆಯ ಪ್ರಿಂಟ್ ಕೊಡುತ್ತದೆ. ಅವು ತಪ್ಪಿದ್ದರೆ ಎಷ್ಟೇ ಹೆಸರುವಾಸಿಯಾದ ಲೆನ್ಸ್ ತಂದರೂ ಮೂಲೆಗಳು ಮಸುಕಾಗಿಯೇ ಉಳಿಯುತ್ತವೆ.

ಕ್ಲಿಕ್ 3 ಬರೋಡಾದಲ್ಲಿ ತಯಾರಾಗಿ ನಮ್ಮ ದೇಶದ ಎಷ್ಟೋ ಮನೆಗಳಿಗೆ ಮೊದಲ ಕ್ಯಾಮೆರಾ ಆಗಿದ್ದಂಥದು. 120 ಫಿಲ್ಮಿನಲ್ಲಿ ಹನ್ನೆರಡು ಚೌಕದ ಚಿತ್ರಗಳು ಬರುತ್ತಿದ್ದವು. 6×6 ಎಂದು ಕರೆದರೂ ಚಿತ್ರದ ನಿಜವಾದ ಅಳತೆ ಸುಮಾರು 56×56 ಮಿ.ಮೀ., ಅದರ ಕರ್ಣ 79 ಮಿ.ಮೀ. ದೊಡ್ಡಪ್ಪನ 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರ 24×36 ಮಿ.ಮೀ., ಕರ್ಣ 43 ಮಿ.ಮೀ. ಎನ್‌ಲಾರ್ಜರ್ ಲೆನ್ಸಿನ ಫೋಕಲ್ ಲೆಂಗ್ತ್ (ಲೆನ್ಸಿನ ಹೆಸರಿನಲ್ಲಿ ಬರುವ 50, 75 ಮಿ.ಮೀ.ನಂಥ ಅಂಕಿ) ನೆಗೆಟಿವ್‌ನ ಕರ್ಣದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಇರಬೇಕೆಂಬುದು ಹಳೆಯ ನಿಯಮ. ಆ ಲೆಕ್ಕದಲ್ಲಿ 35 ಮಿ.ಮೀ. ಫಿಲ್ಮಿಗೆ 50 ಮಿ.ಮೀ. ಲೆನ್ಸ್, 6×6ಕ್ಕೆ 75 ಅಥವಾ 80, 6×7ಕ್ಕೆ 90, 6×9ಕ್ಕೆ 105 ಎಂದು ರೂಢಿಯಾಗಿದೆ. ಸಾಮಾನ್ಯ ವಿನ್ಯಾಸದ ಲೆನ್ಸು ತನ್ನ ಫೋಕಲ್ ಲೆಂಗ್ತಿಗೆ ತಕ್ಕಷ್ಟು ಅಗಲದ ವೃತ್ತವನ್ನು ಮಾತ್ರ ಚೆನ್ನಾಗಿ ಬೆಳಗಿಸಿ ಚೂಪಾಗಿ ಮೂಡಿಸಬಲ್ಲದು ಎಂಬುದೇ ಈ ರೂಢಿಗೆ ಕಾರಣ. 60 ಮಿ.ಮೀ. ವೈಡ್ ಆಂಗಲ್ ಎನ್‌ಲಾರ್ಜರ್ ಲೆನ್ಸುಗಳು ಇದಕ್ಕೆ ಅಪವಾದ. ಅವನ್ನು 6×6 ನೆಗೆಟಿವ್‌ಗೆಂದೇ ಬೇರೆ ರೀತಿಯಲ್ಲಿ ರೂಪಿಸಲಾಗಿದೆ, ಆದರೆ ಅವು ಅಪರೂಪ.

ಆದ್ದರಿಂದ 50 ಮಿ.ಮೀ. ಲೆನ್ಸ್ ಎರಡಕ್ಕೂ ಸಾಕು ಎಂಬ ಮಾರಾಟಗಾರರ ಮಾತನ್ನು ಒಪ್ಪಬೇಡಿ. ಆ ಲೆನ್ಸಿನಲ್ಲಿ 6×6 ನೆಗೆಟಿವ್ ಮುದ್ರಿಸಿದರೆ ನಾಲ್ಕು ಮೂಲೆಗಳಿಗೂ ಬೆಳಕು ಸಾಲದೆ ಬರುತ್ತದೆ. ಕ್ಯಾಮೆರಾದಲ್ಲಿ ಹೀಗಾದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಎನ್‌ಲಾರ್ಜರ್‌ನಲ್ಲಿ ಮಾತ್ರ ಬೆಳಕು ಬಿದ್ದಷ್ಟೇ ಕಾಗದ ಕಪ್ಪಾಗುವುದರಿಂದ ಮೂಲೆಗಳು ಬಿಳಿಚಿಕೊಳ್ಳುತ್ತವೆ. ಗುಂಪುಚಿತ್ರದ ಅಂಚಿನಲ್ಲಿ ನಿಂತವರ ಮುಖ ಬೆಳ್ಳಗಾಗಿರುವುದನ್ನು ಕಂಡು ನೆಗೆಟಿವ್ ಹಾಳಾಗಿದೆ ಎಂದುಕೊಂಡು ಕೈಬಿಟ್ಟವರನ್ನು ನಾನು ಬಲ್ಲೆ. ಆ ನೆಗೆಟಿವ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ, ಲೆನ್ಸ್ ಚಿಕ್ಕದಾಗಿತ್ತು ಅಷ್ಟೆ.

ಈಗ ದೂರದ ಲೆಕ್ಕಕ್ಕೆ ಬರೋಣ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮೌಂಟಿನ ಪ್ರಶ್ನೆಯ ಅರ್ಧ ಉತ್ತರ ಇದರಲ್ಲಿಯೇ ಇದೆ. ಚಿತ್ರವನ್ನು ಎಷ್ಟು ಪಟ್ಟು ಹಿಗ್ಗಿಸುತ್ತೀರೋ ಆ ಸಂಖ್ಯೆಗೆ ಒಂದನ್ನು ಕೂಡಿಸಿ ಫೋಕಲ್ ಲೆಂಗ್ತಿನಿಂದ ಗುಣಿಸಿದರೆ ಲೆನ್ಸಿನಿಂದ ಕಾಗದಕ್ಕಿರುವ ದೂರ ಸಿಗುತ್ತದೆ. ಫೋಕಲ್ ಲೆಂಗ್ತನ್ನು ಆ ಪಟ್ಟಿನಿಂದ ಭಾಗಿಸಿ, ಬಂದದ್ದನ್ನು ಮತ್ತೆ ಫೋಕಲ್ ಲೆಂಗ್ತಿಗೇ ಕೂಡಿಸಿದರೆ ನೆಗೆಟಿವ್‌ನಿಂದ ಲೆನ್ಸಿಗಿರುವ ದೂರ ಸಿಗುತ್ತದೆ. ನಿಮ್ಮ 6×6 ಚೌಕದ ಪೂರ್ತಿ ಅಗಲ ಕಾಗದದ 10 ಇಂಚಿನ ಉದ್ದವನ್ನು ತುಂಬಬೇಕಾದರೆ ಸುಮಾರು ನಾಲ್ಕೂವರೆ ಪಟ್ಟು ಹಿಗ್ಗಿಸಬೇಕು. 80 ಮಿ.ಮೀ. ಲೆನ್ಸಿನಲ್ಲಿ ಕಾಗದ 44 ಸೆಂ.ಮೀ. ಕೆಳಗೂ ನೆಗೆಟಿವ್ 98 ಮಿ.ಮೀ. ಮೇಲೂ ಇರುತ್ತದೆ. 35 ಮಿ.ಮೀ. ನೆಗೆಟಿವ್ 8×10 ಕಾಗದವನ್ನು ತುಂಬಲು ಎಂಟೂವರೆ ಪಟ್ಟು ಬೇಕು. 50 ಮಿ.ಮೀ. ಲೆನ್ಸಿನಲ್ಲಿ ಅದು ಕಾಗದದಿಂದ 47 ಸೆಂ.ಮೀ., ನೆಗೆಟಿವ್‌ನಿಂದ 56 ಮಿ.ಮೀ. ಎನ್‌ಲಾರ್ಜರ್‌ನ ಕಂಬದ ಎತ್ತರ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಆದರೆ ಬೆಲ್ಲೋಸ್ ಒಂದರಲ್ಲಿ 98ರವರೆಗೆ ಚಾಚಬೇಕು, ಇನ್ನೊಂದರಲ್ಲಿ 56ರವರೆಗೆ ಕುಗ್ಗಬೇಕು ಎಂಬುದನ್ನು ಗಮನಿಸಿ.

ಸಮತಟ್ಟು ಬೋರ್ಡು ಸಾಕೇ, ಗುಳಿಬಿದ್ದ ಬೋರ್ಡು ಬೇಕೇ ಎಂಬುದು ಇಲ್ಲಿಯೇ ನಿರ್ಧಾರವಾಗುತ್ತದೆ. ಬೆಲ್ಲೋಸನ್ನು ಪೂರ್ತಿ ಮಡಚಿ, ನೆಗೆಟಿವ್ ಕೂರುವ ಸಮತಲದಿಂದ ಬೋರ್ಡಿಗಿರುವ ದೂರವನ್ನು ಅಳೆಯಿರಿ. ಆಮೇಲೆ ಪೂರ್ತಿ ಚಾಚಿ ಮತ್ತೊಮ್ಮೆ ಅಳೆಯಿರಿ. ನಾನು ಹೇಳಿದ ದೂರಗಳು ಲೆನ್ಸಿನ ಒಳಗಿನ ಒಂದು ಬಿಂದುವಿನಿಂದ ಎಣಿಸಿದವು. ಅದು ಸರಿಸುಮಾರು ಅಪರ್ಚರ್ (ಬೆಳಕು ಹಾಯುವ, ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿ) ಇರುವ ಜಾಗ, ಬೋರ್ಡಿಗಿಂತ ಕೆಲವು ಮಿಲಿಮೀಟರ್ ಕೆಳಗೆ. ಹಾಗಾಗಿ 50 ಮಿ.ಮೀ. ಲೆನ್ಸಿಗೆ ಬೋರ್ಡು ನೆಗೆಟಿವ್‌ಗೆ 56ಕ್ಕಿಂತಲೂ ತುಸು ಹತ್ತಿರ ಬರಬೇಕಾಗುತ್ತದೆ. ಮಡಚಿದ ಬೆಲ್ಲೋಸ್ 70 ಮಿ.ಮೀ.ಗೆ ನಿಂತುಬಿಟ್ಟರೆ ಸಮತಟ್ಟು ಬೋರ್ಡಿನಲ್ಲಿ 50 ಮಿ.ಮೀ. ಲೆನ್ಸ್ ಫೋಕಸ್ ಆಗುವುದೇ ಇಲ್ಲ. ಆಗ ಮಧ್ಯಭಾಗ ಮೇಲಕ್ಕೆ, ಬೆಲ್ಲೋಸಿನ ಒಳಗೆ ಹೋಗುವಂಥ ಗುಳಿಬೋರ್ಡು ಬೇಕು. ಚಾಚಿದಾಗ 100 ಮಿ.ಮೀ. ದಾಟದಿದ್ದರೆ 80 ಮಿ.ಮೀ. ಲೆನ್ಸಿಗೆ ಕೆಳಕ್ಕೆ ಇಳಿಬಿದ್ದ ಕೊಳವೆಯಂಥ ಬೋರ್ಡು ಬೇಕು. ಕೆಲವು ತಯಾರಕರು ಇದಕ್ಕಾಗಿಯೇ ಒಂದೇ ಎನ್‌ಲಾರ್ಜರ್‌ಗೆ ಎರಡು ಮೂರು ಬೋರ್ಡುಗಳನ್ನು ಬೇರೆಬೇರೆ ಆಳದಲ್ಲಿ ಮಾಡುತ್ತಿದ್ದರು. ಅಟ್ಟದ ಅದೇ ಮೂಲೆಯಲ್ಲಿ ಇನ್ನೊಂದು ಬೋರ್ಡು ಬಿದ್ದಿರುವ ಸಾಧ್ಯತೆ ಬಹಳವಿದೆ. ದುಂಡಗಿನ ಅಥವಾ ಚೌಕದ ಲೋಹದ ತಟ್ಟೆ, ನಡುವೆ ತೂತು, ಬಹುಶಃ ಕಪ್ಪು ಬಣ್ಣ. ಹಳೆಯ ಡಬ್ಬಗಳನ್ನು ಎಸೆಯುವ ಮೊದಲು ಒಮ್ಮೆ ಹುಡುಕಿ.

ರಂಧ್ರದ ವಿಷಯಕ್ಕೆ ಬಂದರೆ, ಸ್ಕೇಲಿನಲ್ಲಿ 38 ಮಿ.ಮೀ. ಬಂದದ್ದು ಸಂತೋಷದ ಸಂಗತಿ. ಎನ್‌ಲಾರ್ಜರ್ ಲೆನ್ಸುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 39 ಮಿ.ಮೀ. ಥ್ರೆಡ್. 1930ರ ದಶಕದ ಆರಂಭದಲ್ಲಿ ಲೈಕಾ ಕ್ಯಾಮೆರಾಗಳಿಗೆಂದು ನಿಗದಿಯಾದ ಈ ಅಳತೆಯಲ್ಲಿ ವ್ಯಾಸ ಮಿಲಿಮೀಟರಿನಲ್ಲಿ, ಥ್ರೆಡ್ಡಿನ ಅಂತರ ಮಾತ್ರ ಇಂಚಿಗೆ 26 ಸುತ್ತು. ಲೆನ್ಸಿನ ಹೊರಮೈಯಲ್ಲಿ 39 ಇರುವುದು ಬೋರ್ಡಿನ ಒಳಮೈಯಲ್ಲಿ ಥ್ರೆಡ್ಡಿನ ಒಂದು ಏಣಿನಿಂದ ಎದುರಿನ ಏಣಿನವರೆಗೆ ಅಳೆದಾಗ 38ಕ್ಕಿಂತ ತುಸು ಕಡಿಮೆ ಬರುತ್ತದೆ. ಆದ್ದರಿಂದ ರಂಧ್ರದ ಒಳಗೆ ಬೆರಳಾಡಿಸಿ ನೋಡಿ. ಸುತ್ತು ಸುತ್ತಾದ ಗೀರುಗಳು ತಗುಲಿದರೆ ಅದು 39ರ ಥ್ರೆಡ್ಡೇ ಇರಬೇಕು, ಲೆನ್ಸ್ ನೇರವಾಗಿ ತಿರುಗಿ ಕೂರುತ್ತದೆ. ಗೋಡೆ ನುಣುಪಾಗಿದ್ದರೆ ಆ 38ರ ತೂತಿನೊಳಗೆ 39ರ ಲೆನ್ಸ್ ತೂರುವುದಿಲ್ಲ, ಬೇರೆ ಬೋರ್ಡು ಬೇಕಾದೀತು. 39ಕ್ಕಿಂತ ತುಸು ದೊಡ್ಡದಾದ ನುಣುಪು ತೂತಿನ ಬೋರ್ಡೂ ಉಂಟು. ಅದರಲ್ಲಿ ಲೆನ್ಸನ್ನು ಕೆಳಗಿನಿಂದ ತೂರಿಸಿ ಮೇಲಿನಿಂದ ಒಂದು ಚಪ್ಪಟೆ ಬಳೆಯನ್ನು ಬಿಗಿದು ನಿಲ್ಲಿಸುತ್ತಾರೆ. ಹಳೆಯ ಲೆನ್ಸ್ ಕೊಳ್ಳುವಾಗ ಆ ಬಳೆ ಇದೆಯೇ ಎಂದು ಕೇಳಬೇಕು. ಲೆನ್ಸ್ ಮಾತ್ರ ಬಂದು ಬಳೆ ಬರದಿರುವುದು ತುಂಬ ಸಾಮಾನ್ಯ.

ಎಲ್ಲವೂ 39 ಅಲ್ಲ ಎಂಬ ಎಚ್ಚರವೂ ಇರಲಿ. ಹಳೆಯ ಚಿಕ್ಕ ಲೆನ್ಸುಗಳಲ್ಲಿ 25 ಮಿ.ಮೀ. ಮತ್ತು 32.5 ಮಿ.ಮೀ. ಥ್ರೆಡ್ ಸಿಗುತ್ತದೆ. ಇವನ್ನು 39ಕ್ಕೆ ಹಿಗ್ಗಿಸುವ ಬಳೆ ಸಿಕ್ಕರೆ ಬಳಸಲು ಅಡ್ಡಿಯಿಲ್ಲ. ಕಾಂಪೊನಾನ್-ಎಸ್ ಮತ್ತು ರೊಡಾಗಾನ್ ಸಾಲಿನ 150 ಮಿ.ಮೀ. ಲೆನ್ಸುಗಳಿಗೆ 50 ಮಿ.ಮೀ. ಥ್ರೆಡ್, ಅವು ನಿಮ್ಮ ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಕೆಲವು ಸೋವಿಯತ್ ಲೆನ್ಸುಗಳ ವ್ಯಾಸ 39 ಆಗಿದ್ದರೂ ಥ್ರೆಡ್ಡಿನ ಅಂತರ ಸರಿಯಾಗಿ 1 ಮಿ.ಮೀ. ಇರುತ್ತದೆ. ಇಂಚಿಗೆ 26 ಎಂದರೆ 0.977 ಮಿ.ಮೀ. ಆದುದರಿಂದ ಮೊದಲ ಕೆಲವು ಸುತ್ತು ಸರಾಗವಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅಲ್ಲಿಗೇ ನಿಲ್ಲಿಸಿ. ಬಲ ಹಾಕಿ ತಿರುಗಿಸಿದರೆ ಬೋರ್ಡಿನ ಅಲ್ಯುಮಿನಿಯಂ ಥ್ರೆಡ್ ಸವೆದು, ಮುಂದೆ ಬರುವ ಸರಿಯಾದ ಲೆನ್ಸೂ ಓಲಾಡುತ್ತದೆ. ಯಾವುದೇ ಲೆನ್ಸನ್ನು ಹಾಕುವಾಗ ಮೊದಲು ಅದನ್ನು ಬಿಚ್ಚುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ, ‘ಟಕ್’ ಎಂದು ಥ್ರೆಡ್ ಕೂತದ್ದು ಕೈಗೆ ತಿಳಿದ ಮೇಲೆ ಬಿಗಿಯುವ ದಿಕ್ಕಿಗೆ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ.

ಬೋರ್ಡು ಸಿಗದಿದ್ದರೆ ಲೇತ್‌ನಲ್ಲಿ ಮಾಡಿಸಬಹುದು. ಆದರೆ ಇಲ್ಲಿ ನನ್ನದೊಂದು ಅನುಭವವನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ ನಾನೂ ಒಂದು ಬೋರ್ಡು ಮಾಡಿಸಿದ್ದೆ. ಥ್ರೆಡ್ ಅಂದವಾಗಿತ್ತು, ಲೆನ್ಸ್ ಸಲೀಸಾಗಿ ಕೂತಿತು, ಆದರೂ ಪ್ರತಿ ಪ್ರಿಂಟಿನ ಎಡಬದಿ ಮಸುಕು. ಲೆನ್ಸನ್ನು ಅನುಮಾನಿಸಿ ಮಳೆಗಾಲವಿಡೀ ಕಳೆದೆ. ಬೋರ್ಡನ್ನು ಗಾಜಿನ ಮೇಲಿಟ್ಟು ಅಂಚುಗಳನ್ನು ಒತ್ತಿದಾಗ ಅದು ಅಲುಗಾಡಿತು. ತಟ್ಟೆಯೇ ಸ್ವಲ್ಪ ಬಾಗಿತ್ತು, ತೂತು ಅದಕ್ಕೆ ಓರೆಯಾಗಿತ್ತು. ಎನ್‌ಲಾರ್ಜರ್‌ನಲ್ಲಿ ನೆಗೆಟಿವ್ ಬದಿಯಲ್ಲಿ ತಪ್ಪಿಗಿರುವ ಅವಕಾಶ ಬಹಳ ಚಿಕ್ಕದು. 80 ಮಿ.ಮೀ. ಲೆನ್ಸನ್ನು ಎಫ್ 8ಕ್ಕೆ ಇಳಿಸಿದರೂ (ಎಫ್ ಅಂಕಿ ಹೆಚ್ಚಿದಷ್ಟೂ ಅಪರ್ಚರ್ ಕಿರಿದು) ಸರಿಸುಮಾರು ಕಾಲು ಮಿಲಿಮೀಟರ್ ಅತ್ತಿತ್ತ ಹೋದರೆ ಮಸುಕು ಕಣ್ಣಿಗೆ ಬೀಳತೊಡಗುತ್ತದೆ, ಎಫ್ 4ರಲ್ಲಿ ಅದರ ಅರ್ಧವೇ ಸಾಕು. ಹಾಗಾಗಿ ಲೇತ್‌ನವರಿಗೆ ಕೇವಲ ತೂತಿನ ವ್ಯಾಸ ಹೇಳಬೇಡಿ. ಬೋರ್ಡಿನ ಎರಡೂ ಮೈಗಳು ಸಮಾನಾಂತರವಾಗಿರಬೇಕು, ತೂತು ಮತ್ತು ಲೆನ್ಸ್ ಒರಗುವ ಮೈಯನ್ನು ಒಂದೇ ಹಿಡಿತದಲ್ಲಿ, ಅಂದರೆ ತಟ್ಟೆಯನ್ನು ಲೇತ್‌ನಿಂದ ಬಿಚ್ಚದೆ, ಕೊರೆಯಬೇಕು ಎಂದು ಹೇಳಿ. ಇಂಚಿಗೆ 26ರ ಥ್ರೆಡ್ ಕೊರೆಯುವುದು ಕಷ್ಟವೆಂದರೆ 39.5 ಮಿ.ಮೀ.ನ ನುಣುಪು ತೂತು ಮಾಡಿಸಿ ಬಳೆಯಿಂದ ಬಿಗಿಯಿರಿ, ಇದು ಎಷ್ಟೋ ಮೇಲು. ತಟ್ಟೆ 3 ಮಿ.ಮೀ.ಗಿಂತ ತೆಳುವಾಗುವುದು ಬೇಡ. ಪ್ಲೈವುಡ್ಡಿನಲ್ಲಿ ಮಾಡುವ ಆಲೋಚನೆ ನಮ್ಮ ಜಿಲ್ಲೆಯಲ್ಲಂತೂ ಬೇಡವೇ ಬೇಡ, ಒಂದು ಕಕ್ಕಡ (ಜೋರು ಮಳೆಯ ತಿಂಗಳು) ಮುಗಿಯುವಷ್ಟರಲ್ಲಿ ಅದು ನೀರು ಹೀರಿ ಡೊಂಕಾಗುತ್ತದೆ.

ಇನ್ನು ಲೆನ್ಸಿನ ಹೆಸರುಗಳು. ಶ್ನೈಡರ್ ಕಂಪನಿಯ ಹೆಸರುಗಳು ಕಿವಿಗೆ ಒಂದೇ ರೀತಿ ಕೇಳಿಸುವುದರಿಂದ ಎಷ್ಟೋ ಜನ ಮೋಸಹೋಗುತ್ತಾರೆ. ಕಾಂಪೊನಾರ್ ಮೂರು ಗಾಜುಗಳ ಲೆನ್ಸ್, ಕಾಂಪರಾನ್ ನಾಲ್ಕರದು, ಕಾಂಪೊನಾನ್ ಮತ್ತು ಕಾಂಪೊನಾನ್-ಎಸ್ ಆರು ಗಾಜುಗಳವು. ರೊಡೆನ್‌ಸ್ಟಾಕ್‌ನಲ್ಲಿ ಟ್ರೈನಾರ್ ಮತ್ತು ರೊಗೊನಾರ್ ಮೂರರವು, ರೊಗೊನಾರ್-ಎಸ್ ನಾಲ್ಕರದು, ರೊಡಾಗಾನ್ ಆರರದು. ನಿಕಾನ್‌ನ ಎಲ್-ನಿಕ್ಕೋರ್ ಸಾಲಿನಲ್ಲಿ 50 ಮಿ.ಮೀ. ಎಫ್ 2.8 ಮತ್ತು 80 ಮಿ.ಮೀ. ಎಫ್ 5.6 ಆರು ಗಾಜಿನವು, 50 ಮಿ.ಮೀ. ಎಫ್ 4 ಮತ್ತು 75 ಮಿ.ಮೀ. ಎಫ್ 4 ನಾಲ್ಕರವು. ಜೆಕ್ ದೇಶದ ಮೆಯೋಪ್ಟಾದ ಅನಾರೆಟ್ ನಾಲ್ಕರದು, ಮೆಯೋಗಾನ್ ಆರರದು. ಗಾಜು ಹೆಚ್ಚಿದಷ್ಟೂ ಒಳ್ಳೆಯದೆಂದು ಕುರುಡಾಗಿ ಹೇಳುತ್ತಿಲ್ಲ. ಮೂರು ಗಾಜಿನ ಲೆನ್ಸಿನಲ್ಲಿ ನಡುಭಾಗ ಎಫ್ 8ರಲ್ಲಿ ಚೆನ್ನಾಗಿಯೇ ಬರುತ್ತದೆ, ಅಂಚುಗಳಿಗಾಗಿ ಎಫ್ 11ಕ್ಕೆ ಇಳಿಸಬೇಕಾಗುತ್ತದೆ, ಐದು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದಾಗ ಕೊರತೆ ಬಯಲಾಗುತ್ತದೆ. ಆರು ಗಾಜಿನದು ಪೂರ್ತಿ ತೆರೆದ ಅಪರ್ಚರಿನಿಂದ ಎರಡು ಸ್ಟಾಪ್ (ಅಪರ್ಚರಿನ ಎರಡು ಮೆಟ್ಟಿಲು) ಇಳಿಸಿದರೆ ಮೂಲೆಯವರೆಗೂ ಒಂದೇ ಸಮನಾಗಿರುತ್ತದೆ. ಎಫ್ 2.8ರ ಲೆನ್ಸ್ ಎಫ್ 5.6ರಲ್ಲಿ, ಎಫ್ 4ರದು ಎಫ್ 8ರಲ್ಲಿ ತನ್ನ ಉತ್ತಮ ಸ್ಥಿತಿಗೆ ಬರುತ್ತದೆ. ಎಫ್ 16ರಾಚೆಗೆ ಡಿಫ್ರಾಕ್ಷನ್‌ನಿಂದಾಗಿ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಎಲ್ಲ ಲೆನ್ಸುಗಳೂ ಮಂಕಾಗುತ್ತವೆ.

ಕ್ಲಿಕ್ 3 ಕ್ಯಾಮೆರಾದ ಲೆನ್ಸೇ ಸರಳವಾದದ್ದು, ನಿಮ್ಮ ಅಜ್ಜನ ನೆಗೆಟಿವ್‌ನ ಅಂಚುಗಳು ಹುಟ್ಟಿನಿಂದಲೇ ಮೃದುವಾಗಿರುತ್ತವೆ, ಹಾಗಿರುವಾಗ ಆರು ಗಾಜಿನ ಲೆನ್ಸಿನ ಅಗತ್ಯವೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ನೆಗೆಟಿವ್‌ಗಳನ್ನು ಮಾತ್ರ 8×10ಕ್ಕೆ ಮುದ್ರಿಸುವುದಾದರೆ ನಾಲ್ಕು ಗಾಜಿನ ಶುದ್ಧವಾದ ಲೆನ್ಸ್ ಸಾಕು. ಆದರೆ ಮೃದುವಾದ ನೆಗೆಟಿವ್‌ಗೆ ಮೃದುವಾದ ಎನ್‌ಲಾರ್ಜರ್ ಲೆನ್ಸ್ ಸೇರಿದಾಗ ಒಂದರ ದೋಷದ ಮೇಲೆ ಇನ್ನೊಂದು ಕೂರುತ್ತದೆ. ಫಿಲ್ಮಿನ ಗ್ರೇನ್ (ಬೆಳ್ಳಿಯ ಕಣಗಳು) ಮೂಲೆಯವರೆಗೂ ಚೂಪಾಗಿ ಮೂಡಿದರೆ ಮೃದುವಾದ ಮುಖವನ್ನೂ ಕಣ್ಣು ಒಪ್ಪಿಕೊಳ್ಳುತ್ತದೆ, ಗ್ರೇನ್ ಕೂಡ ಕರಗಿದರೆ ಇಡೀ ಚಿತ್ರವೇ ಫೋಕಸ್ ತಪ್ಪಿದಂತೆ ಕಾಣುತ್ತದೆ. ಆದ್ದರಿಂದ 80 ಮಿ.ಮೀ. ಆರು ಗಾಜಿನ ಲೆನ್ಸನ್ನೇ, ಅಂದರೆ ಕಾಂಪೊನಾನ್-ಎಸ್, ರೊಡಾಗಾನ್ ಅಥವಾ ಎಲ್-ನಿಕ್ಕೋರ್ ಇವುಗಳಲ್ಲಿ ಶುದ್ಧವಾಗಿ ಸಿಕ್ಕ ಒಂದನ್ನು ಮೊದಲು ಕೊಳ್ಳಿ ಎಂಬುದು ನನ್ನ ಸಲಹೆ. ಈ ಮೂರರ ನಡುವಿನ ವ್ಯತ್ಯಾಸ, ಲೆನ್ಸ್ ಇಟ್ಟುಕೊಂಡ ರೀತಿಯಿಂದ ಬರುವ ವ್ಯತ್ಯಾಸಕ್ಕಿಂತ ಬಹಳ ಕಡಿಮೆ. ಇದೇ 80ರಲ್ಲಿ ದೊಡ್ಡಪ್ಪನ 35 ಮಿ.ಮೀ. ನೆಗೆಟಿವ್‌ಗಳನ್ನು 5×7 ಇಂಚಿಗೆ ಧಾರಾಳವಾಗಿ ಮುದ್ರಿಸಬಹುದು, ಕಾಗದ ಲೆನ್ಸಿನಿಂದ 50 ಸೆಂ.ಮೀ. ಕೆಳಗಿರುತ್ತದೆ. ಅವನ್ನೇ 8×10ಕ್ಕೆ ಏರಿಸಲು 76 ಸೆಂ.ಮೀ. ಬೇಕಾಗುವುದರಿಂದ ಕಂಬ ಸಾಲದೆ ಹೋಗಬಹುದು. 50 ಮಿ.ಮೀ. ಲೆನ್ಸಿನ ಅಗತ್ಯ ಬರುವುದು ಆಗ.

ದೊಡ್ಡಪ್ಪನ ಕ್ಯಾಮೆರಾ ಲೆನ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾಲದಲ್ಲಿ ಲೈಕಾದ 50 ಮಿ.ಮೀ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ ಎನ್‌ಲಾರ್ಜರ್‌ಗೆ ಹಾಕುತ್ತಿದ್ದದ್ದು ನಿಜ, 39ರ ಥ್ರೆಡ್ ಎನ್‌ಲಾರ್ಜರ್‌ಗೆ ಬಂದದ್ದೂ ಆ ನಂಟಿನಿಂದಲೇ. ಆದರೆ ಕ್ಯಾಮೆರಾ ಲೆನ್ಸ್ ದೂರದ ದೃಶ್ಯಕ್ಕೆಂದು ತಿದ್ದಿದ್ದು, ಎನ್‌ಲಾರ್ಜರ್ ಲೆನ್ಸ್ ಹತ್ತಿರದ ಚಪ್ಪಟೆ ಫಿಲ್ಮನ್ನು ಚಪ್ಪಟೆ ಕಾಗದಕ್ಕೆ ಇಳಿಸಲೆಂದು ತಿದ್ದಿದ್ದು. ಕ್ಯಾಮೆರಾ ಲೆನ್ಸಿನಲ್ಲಿ ನಡುವೆ ಫೋಕಸ್ ಆದಾಗ ಅಂಚು ತಪ್ಪುತ್ತದೆ, ಅಂಚು ಬಂದಾಗ ನಡು ತಪ್ಪುತ್ತದೆ. ಅಡಾಪ್ಟರ್‌ಗೆ ಕೊಡುವ ಹಣವನ್ನು ಲೆನ್ಸಿಗೇ ಸೇರಿಸಿ.

ಈಗ ಬೂಷ್ಟು. ‘ಪ್ರಿಂಟಿನಲ್ಲಿ ಕಾಣುವುದಿಲ್ಲ’ ಎಂಬ ಮಾತು ಅರ್ಧ ಸತ್ಯ. ಬೂಷ್ಟಿನ ಎಳೆಯ ಆಕಾರ ಪ್ರಿಂಟಿನಲ್ಲಿ ಮೂಡುವುದಿಲ್ಲ, ಆದರೆ ಅದು ಬೆಳಕನ್ನು ಚದುರಿಸುತ್ತದೆ. ನೆಗೆಟಿವ್‌ನ ತಿಳಿಯಾದ ಭಾಗಗಳಿಂದ, ಅಂದರೆ ಪ್ರಿಂಟಿನಲ್ಲಿ ಕಪ್ಪಾಗಬೇಕಾದ ಕಡೆಗಳಿಂದ ಬರುವ ಹೇರಳ ಬೆಳಕು ಚದುರಿ, ಬೆಳ್ಳಗಿರಬೇಕಾದ ಕಡೆಗಳ ಮೇಲೆ ಬೀಳುತ್ತದೆ. ಫಲವಾಗಿ ಬಿಳಿಯೆಲ್ಲ ಮಾಸಲು ಬೂದಿಯಾಗುತ್ತದೆ. ಕುಪ್ಯದ (ಕೊಡವರ ನಿಲುವಂಗಿ) ಕಪ್ಪಿಗೂ ಚೇಲೆಯ (ಸೊಂಟಪಟ್ಟಿ) ಬೆಳಕಿಗೂ ನಡುವಿನ ಅಂತರವೇ ಗುಂಪುಚಿತ್ರದ ಜೀವಾಳವಾಗಿರುವಾಗ ಅದನ್ನು ಕಳೆದುಕೊಳ್ಳಬಾರದು. ಅಲ್ಲದೆ ಬೂಷ್ಟು ಆಮ್ಲವನ್ನು ಒಸರಿ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ, ಒಮ್ಮೆ ತಿಂದ ಮೇಲೆ ಒರೆಸಿದರೂ ಆ ಗುರುತು ಹೋಗುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ನಾಪೋಕ್ಲಿನವರಿಗೆ ಮಳೆಗಾಲದ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಇಂಥ ಹವೆಯಲ್ಲಿ ‘ಸ್ವಲ್ಪ’ ಬೂಷ್ಟು ಸ್ವಲ್ಪವಾಗಿಯೇ ಉಳಿಯುವುದಿಲ್ಲ. ಆ 50 ಮಿ.ಮೀ. ಲೆನ್ಸ್ ಎಷ್ಟೇ ಒಳ್ಳೆಯ ಹೆಸರಿನದಾಗಿರಲಿ, ಬಿಟ್ಟುಬಿಡಿ.

ಯಾವುದೇ ಲೆನ್ಸನ್ನು ನೋಡುವಾಗ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಿಡಿದು, ಕಣ್ಣನ್ನು ಬೆಳಕಿನ ನೇರಕ್ಕಿಡದೆ ಸ್ವಲ್ಪ ಓರೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಒಂದೇ ಸಮನೆ ಹಾಲಿನಂಥ ಮಂಜು ಕಂಡರೆ ಒಳಗಿನ ಎಣ್ಣೆಯ ಪಸೆ ಇರಬಹುದು. ಅಂಚಿನಿಂದ ಒಳಕ್ಕೆ ಹರಿಯುವ ಕಾಮನಬಿಲ್ಲಿನ ಬಣ್ಣದ ಕಲೆ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಬಾಲ್ಸಂ ಬಿಟ್ಟಿದೆ ಎಂದರ್ಥ, ಅಂಥದನ್ನು ಕೊಳ್ಳಬೇಡಿ. ಶ್ನೈಡರ್ ಲೆನ್ಸುಗಳ ಒಳ ಅಂಚಿನಲ್ಲಿ ಬಿಳಿಯ ಚುಕ್ಕೆಗಳು ಕಾಣುವುದುಂಟು. ಅದು ಕಪ್ಪು ಬಣ್ಣ ಏಳುವುದರಿಂದ ಆದದ್ದು, ನೋಡಲು ಕೆಟ್ಟದಾದರೂ ಪ್ರಿಂಟಿಗೆ ತೊಂದರೆ ಮಾಡುವುದಿಲ್ಲ, ಅದರ ನೆಪದಲ್ಲಿ ಬೆಲೆ ಇಳಿಸಲು ಕೇಳಬಹುದು. ಥ್ರೆಡ್ಡಿನ ಮೊದಲ ಸುತ್ತಿನಲ್ಲಿ ಚಚ್ಚಿದ ಗುರುತಿದೆಯೇ ಎಂದೂ ಬೆರಳಿನಿಂದ ನೋಡಿ. ಕಾಂಪೊನಾನ್-ಎಸ್‌ನಂಥ ಲೆನ್ಸುಗಳಲ್ಲಿ ಕತ್ತಲೆಯಲ್ಲಿ ಅಪರ್ಚರ್ ಅಂಕಿ ಕಾಣಲೆಂದು ಒಂದು ಕಿಟಕಿ ಬೆಳಗುವ ವ್ಯವಸ್ಥೆ ಇದೆ. ಅದಕ್ಕೆ ಬೇಕಾದ ಬೆಳಕು ಎನ್‌ಲಾರ್ಜರ್‌ನ ಒಳಗಿನಿಂದಲೇ ಬರುತ್ತದೆ. ಆ ಸಣ್ಣ ಬೆಳಕು ಕಾಗದದ ಮೇಲೆ ಬೀಳುತ್ತಿದ್ದರೆ ಕಿಟಕಿಗೆ ಕಪ್ಪು ಟೇಪ್ ಅಂಟಿಸಿ.

ಕೊಂಡ ಮೇಲೆ ಲೆನ್ಸನ್ನು ಎನ್‌ಲಾರ್ಜರ್‌ನಲ್ಲೇ ಬಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಡಬ್ಬದೊಳಗೆ ತೇವಾಂಶ ಶೇಕಡಾ 40ರಿಂದ 50ರ ಆಸುಪಾಸಿನಲ್ಲಿರಲಿ, 60 ದಾಟಿ ಬಹಳ ದಿನ ನಿಂತರೆ ಬೂಷ್ಟಿಗೆ ಅನುಕೂಲ. ಚರ್ಮದ ಚೀಲದಲ್ಲಿ ಮಾತ್ರ ಇಡಬಾರದು, ಚರ್ಮವೇ ತೇವವನ್ನು ಹಿಡಿದಿಡುತ್ತದೆ.

ಬೆಳಕು ಹೆಚ್ಚಾಗಲೆಂದು ಎಫ್ 2.8ರ ಲೆನ್ಸನ್ನೇ ಹುಡುಕುವವರಿದ್ದಾರೆ. ದೊಡ್ಡ ಅಪರ್ಚರ್ ಉಪಯೋಗಕ್ಕೆ ಬರುವುದು ಫೋಕಸ್ ಮಾಡುವಾಗ, ಮುದ್ರಿಸುವುದು ಹೇಗೂ ಇಳಿಸಿದ ಅಪರ್ಚರಿನಲ್ಲಿ. ನಮ್ಮಲ್ಲಿ ಬೆಳಕು ಕಡಿಮೆಯಾಗುವುದಕ್ಕೆ ಹೆಚ್ಚಾಗಿ ವೋಲ್ಟೇಜೇ ಕಾರಣ. ತಂತಿಯ ಬಲ್ಬಿಗೆ ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ, ಟೆಸ್ಟ್ ಸ್ಟ್ರಿಪ್‌ನಲ್ಲಿ (ಮೊದಲು ಪರೀಕ್ಷೆಗೆ ಮುದ್ರಿಸುವ ಕಾಗದದ ಚೂರು) ಸರಿಯಾಗಿದ್ದ ಹನ್ನೆರಡು ಸೆಕೆಂಡು ಪ್ರಿಂಟಿಗೆ ಸಾಲದೆ ಬರುತ್ತದೆ. ಇದಕ್ಕೆ ಪರಿಹಾರ ಸ್ಟೆಬಿಲೈಸರ್. ಕಂಡೆನ್ಸರನ್ನೂ ಒಮ್ಮೆ ನೋಡಿ. ಕೆಲವು ಯಂತ್ರಗಳಲ್ಲಿ 50ಕ್ಕೂ 80ಕ್ಕೂ ಕಂಡೆನ್ಸರ್ ಗಾಜನ್ನು ಬದಲಿಸಬೇಕು ಅಥವಾ ಜಾಗ ಸರಿಸಬೇಕು. ಅದು ಹೊಂದದಿದ್ದರೆ ಸರಿಯಾದ ಲೆನ್ಸ್ ಹಾಕಿದ ಮೇಲೂ ಮೂಲೆಗಳು ಬಿಳಿಚಿಕೊಳ್ಳುತ್ತವೆ.

ಲೆನ್ಸ್ ಬಂದ ದಿನ ಮುದ್ರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಬೆಳಕು ತಗುಲಿಸಿ ಪೂರ್ತಿ ಕಪ್ಪಾಗಿ ಡೆವಲಪ್ ಮಾಡಿದ ಫಿಲ್ಮಿನ ತುಂಡಿನ ಮೇಲೆ ಬ್ಲೇಡಿನಿಂದ ಉದ್ದಕ್ಕೂ ಅಡ್ಡಕ್ಕೂ ಗೀರುಗಳನ್ನು ಎಳೆದು ಹೋಲ್ಡರಿನಲ್ಲಿಡಿ. ಅಪರ್ಚರನ್ನು ಪೂರ್ತಿ ತೆರೆದು ನಡುವಿಗೆ ಫೋಕಸ್ ಮಾಡಿ, ಗ್ರೇನ್ ಫೋಕಸರಿನಲ್ಲಿ (ಗ್ರೇನ್ ಹಿಗ್ಗಿಸಿ ತೋರಿಸುವ ಸಾಧನ) ನಾಲ್ಕು ಮೂಲೆಗಳನ್ನೂ ನೋಡಿ. ಫೋಕಸರಿನ ಅಡಿಯಲ್ಲಿ ಮುದ್ರಣ ಕಾಗದದಷ್ಟೇ ದಪ್ಪದ ಹಳೆಯ ಹಾಳೆ ಇರಲಿ. ಅಟ್ಟದಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಕಾಗದದ ಪೊಟ್ಟಣ ಸಿಕ್ಕಿದ್ದರೆ, ಅದು ಈಗ ಮುದ್ರಣಕ್ಕೆ ಬಾರದಿದ್ದರೂ ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಒಂದು ಮೂಲೆ ಮಸುಕಾಗಿದ್ದರೆ ಲೆನ್ಸನ್ನು ಅರ್ಧ ಸುತ್ತು ಸಡಿಲಿಸಿ, ಮತ್ತೆ ಫೋಕಸ್ ಮಾಡಿ ನೋಡಿ. ಮಸುಕು ಎದುರಿನ ಮೂಲೆಗೆ ಹೋದರೆ ದೋಷ ಲೆನ್ಸಿನೊಳಗಿದೆ, ಹಿಂತಿರುಗಿಸಿ. ಅಲ್ಲಿಯೇ ಉಳಿದರೆ ದೋಷ ಬೋರ್ಡಿನಲ್ಲೋ ಕಂಬದಲ್ಲೋ ಇದೆ. ಆಗ ಸ್ಪಿರಿಟ್ ಲೆವೆಲನ್ನು ಬೇಸ್‌ಬೋರ್ಡ್, ನೆಗೆಟಿವ್ ಹೋಲ್ಡರ್, ಲೆನ್ಸ್ ಬೋರ್ಡ್ ಮೂರರ ಮೇಲೂ ಇಟ್ಟು, ತಪ್ಪಿದ ಕಡೆ ತೆಳು ಹಾಳೆಯ ತುಂಡು ಕೊಟ್ಟು ಸರಿಪಡಿಸಿ.

ಹೀಗಾಗಿ ನಿಮ್ಮ ಮುಂದಿರುವ ಎರಡು ಲೆನ್ಸುಗಳಲ್ಲಿ 50ರದನ್ನು ಬಿಡಿ. ಟಾರ್ಚಿನ ಪರೀಕ್ಷೆಯಲ್ಲಿ ಶುದ್ಧವಾಗಿ ಕಂಡು, ಕಡಿಮೆ ಬೆಲೆಗೆ ಸಿಕ್ಕರೆ ಮಾತ್ರ ಕಾಂಪೊನಾರನ್ನು ತಾತ್ಕಾಲಿಕವಾಗಿ ಕೊಳ್ಳಬಹುದು. ಎಫ್ 11ಕ್ಕೆ ಇಳಿಸಿ 8×10 ಮುದ್ರಿಸುತ್ತಾ ಕೈ ಪಳಗಿಸಿಕೊಳ್ಳಿ, ಅಷ್ಟರಲ್ಲಿ ಆರು ಗಾಜಿನ 80 ಸಿಗುತ್ತದೆ. ಐನ್‌ಮನೆಯ ಗುಂಪುಚಿತ್ರವನ್ನು ಅದು ಬರುವವರೆಗೆ ಮುಟ್ಟಬೇಡಿ. ಆ 12×16ಕ್ಕೆ ಏಳೂಕಾಲು ಪಟ್ಟು ಹಿಗ್ಗಿಸಬೇಕು, 80 ಮಿ.ಮೀ. ಲೆನ್ಸಿನಿಂದ ಕಾಗದಕ್ಕೆ 66 ಸೆಂ.ಮೀ. ದೂರ ಬೇಕು. ಕಂಬ ಅಷ್ಟು ಏರದಿದ್ದರೆ ಎನ್‌ಲಾರ್ಜರನ್ನು ಮೇಜಿನ ಅಂಚಿಗೆ ತಂದು, ತಲೆಯನ್ನು ಹಿಂದಕ್ಕೆ ತಿರುಗಿಸಿ, ಬೇಸ್‌ಬೋರ್ಡಿನ ಮೇಲೆ ಭಾರವಾದ ಕಲ್ಲು ಹೇರಿ, ನೆಲದ ಮೇಲೆ ಕಾಗದವಿಟ್ಟು ಮುದ್ರಿಸಬಹುದು. ಹಳೆಯ ಮನೆಗಳ ನೆಲ ಕಣ್ಣಿಗೆ ಸಮವಾಗಿ ಕಂಡರೂ ಓರೆಯಾಗಿರುತ್ತದೆ. ಆದ್ದರಿಂದ ಕಾಗದದ ಅಡಿಗೆ ದಪ್ಪ ಹಲಗೆ ಹಾಕಿ, ಸ್ಪಿರಿಟ್ ಲೆವೆಲ್ ಇಟ್ಟು, ಗೀರಿನ ಫಿಲ್ಮಿನಿಂದ ನಾಲ್ಕು ಮೂಲೆಗಳನ್ನು ಮತ್ತೊಮ್ಮೆ ನೋಡಿಕೊಂಡ ಮೇಲೆ ಎಕ್ಸ್‌ಪೋಷರ್ ಕೊಡಿ.